ಮುಸುಕಪ್ಪ ಮುಚ್ಚಿದ ಕ್ಯಾಮೆರಾ

ನನ್ನ ಮೈದುನನನ್ನು ಊರಿಗೆ ಊರೇ ಮುಸುಕಪ್ಪ ಎಂದು ಕರೆಯುತ್ತಿತ್ತು. ಅವನು ಬಣ್ಣ ಹೊಡೆಯುವವನು. ಯಾವ ಮನೆಗೆ ಕೆಲಸಕ್ಕೆ ಹೋದರೂ ಡಬ್ಬದ ಮುಚ್ಚಳ ತೆಗೆಯುವ ಮೊದಲು ಆ ಕೋಣೆಯಲ್ಲಿದ್ದ ಸಕಲಕ್ಕೂ ಮುಸುಕು ಹಾಕುತ್ತಿದ್ದ. ಮಂಚ, ಕುರ್ಚಿ, ಗಡಿಯಾರ, ಕಿಟಕಿಯ ಸರಳು, ಬಾಗಿಲ ಹಿಡಿ, ದೀಪದ ಗುಂಡಿ, ಒಂದನ್ನೂ ಬಿಡುತ್ತಿರಲಿಲ್ಲ. ಹಳೆಯ ಹೊದಿಕೆ, ಹರಿದ ಪರದೆ, ಅಣ್ಣನ ಸವೆದ ಅಂಗಿ, ಎಲ್ಲವೂ ಅವನ ಚೀಲ ಸೇರುತ್ತಿದ್ದವು. ಬೇರೆ ಬಣ್ಣದವರು ಒಂದು ಗೋಡೆ ಮುಗಿಸುವ ಹೊತ್ತಿಗೆ ಇವನು ಇನ್ನೂ ದಾರ ಕಟ್ಟುತ್ತಾ ಇರುತ್ತಿದ್ದ. ಆದರೆ ಅವನು ಕೆಲಸ ಮುಗಿಸಿ ಹೋದ ಮೇಲೆ ಮಂಡಿಯೂರಿ ನೆಲ ಕೆರೆಯುವ ಪಾಡು ಯಾವ ಹೆಂಗಸಿಗೂ ಬರುತ್ತಿರಲಿಲ್ಲ.

ಆ ಹೆಸರು ಬಂದದ್ದು ನಮ್ಮ ಪಕ್ಕದ ದರ್ಜಿಯ ಮನೆಯಲ್ಲಿ. ದರ್ಜಿಯ ಮಾವ, ಅಂದರೆ ಅವನ ಹೆಂಡತಿಯ ಅಪ್ಪ, ಮಂಚ ಬಿಟ್ಟು ಏಳಲು ಒಪ್ಪಲಿಲ್ಲ. "ನೀನು ನಿನ್ನ ಕೆಲಸ ಮಾಡು, ನಾನು ನನ್ನ ಕೆಲಸ ಮಾಡ್ತೀನಿ" ಎಂದ. ಅವನ ಕೆಲಸ ನಿದ್ದೆ. ಮೈದುನ ಮುದುಕನ ಅಪ್ಪಣೆ ಕೇಳಿ, ಮೂಗಿನ ಹತ್ತಿರ ಗಾಳಿಗೊಂದು ಸಂದು ಬಿಟ್ಟು, ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ಹೊದಿಸಿ ಚಾವಣಿಗೆ ಬಣ್ಣ ಶುರುಮಾಡಿದ. ಪೇಟೆಯಿಂದ ಬಂದ ಮಗಳು ಅದನ್ನು ನೋಡಿ ಬಾಗಿಲಲ್ಲೇ ಕುಸಿದು ಗೋಳೋ ಎಂದು ಅಳತೊಡಗಿದಳು. ಮುಸುಕಿನೊಳಗಿಂದ ಮುದುಕ, "ತಡಿಯೇ, ಇನ್ನೂ ಒಂದು ಕೋಟ್ ಬಾಕಿ ಇದೆಯಂತೆ" ಎಂದ. ಅವತ್ತಿನಿಂದ ನನ್ನ ಮೈದುನ ಮುಸುಕಪ್ಪನಾದ. ಅವನಿಗೂ ಅದರಲ್ಲಿ ಬೇಜಾರಿರಲಿಲ್ಲ. ಬೀದಿಯ ಆ ತುದಿಯಿಂದ ಯಾರಾದರೂ ಹಾಗೆ ಕೂಗಿದರೆ ಈ ತುದಿಯಿಂದ ಓ ಎನ್ನುತ್ತಿದ್ದ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅತ್ತೆ ಆಗಲೇ ತೀರಿಕೊಂಡಿದ್ದರು. ಅವನಿಗೆ ಬಡಿಸಿದವಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದವಳು, ಅಣ್ಣನ ಕೈಯಿಂದ ಹೊಡೆತ ತಪ್ಪಿಸಿದವಳು ನಾನೇ. ಅವನು ಮದುವೆಯಾಗಲಿಲ್ಲ. "ಹುಡುಗಿ ನೋಡೋಣವೇನೋ" ಎಂದರೆ, "ನಿಮ್ಮ ಅಡುಗೆ ಕೆಟ್ಟ ದಿನ ಹೇಳ್ತೀನಿ ಅತ್ತಿಗೆ" ಎಂದು ನಕ್ಕು ತಟ್ಟೆ ಮುಂದಕ್ಕೆ ತಳ್ಳುತ್ತಿದ್ದ. ಎರಡು ಬೀದಿ ದಾಟಿ ಒಂದು ಕೋಣೆ ಮಾಡಿಕೊಂಡಿದ್ದ, ಊಟಕ್ಕೆ ಮಾತ್ರ ನಮ್ಮಲ್ಲಿಗೇ ಬರುತ್ತಿದ್ದ.

ನಮ್ಮ ಯಜಮಾನರು ಇವನಿಗೆ ತದ್ವಿರುದ್ಧ. ನಗು ಕಡಿಮೆ, ಮಾತು ಇನ್ನೂ ಕಡಿಮೆ, ಪ್ರೀತಿ ಬಂದರೆ ಬೈಗುಳದ ರೂಪದಲ್ಲೇ ಬರಬೇಕು. ಅವರು ಬೆಟ್ಟದ ಹಿಂದಿನ ಕಾರ್ಖಾನೆಯಲ್ಲಿ ಪಂಪು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿ ಏನು ತಯಾರಾಗುತ್ತದೆ ಎಂದು ಯಾರು ಕೇಳಿದರೂ, "ನನಗೆ ಗೊತ್ತಿರೋದು ನೀರು. ತಣ್ಣನೆಯ ನೀರು ಒಳಗೆ ಕಳಿಸ್ತೀನಿ, ಬಿಸಿ ನೀರು ಹೊರಗೆ ಬರುತ್ತೆ" ಎನ್ನುತ್ತಿದ್ದರು. ಕರೆಂಟಿಗೆ ಬೇಕಾದ ಇಂಧನ ಎಂದು ನಮ್ಮ ಸರಕಾರದವರು ಹೇಳುತ್ತಿದ್ದರು. ಇವತ್ತು ಕರೆಂಟು ಅಂದವರು ನಾಳೆ ಅದರಲ್ಲೇ ಅಣುಬಾಂಬು ಮಾಡುತ್ತಾರೆ ಎಂದು ಆಚೆಯ ದೊಡ್ಡ ದೇಶದವರು ಹೇಳುತ್ತಿದ್ದರು. ಅವರ ಹತ್ತಿರ ಆ ಬಾಂಬು ಮೊದಲಿನಿಂದಲೂ ಇತ್ತು. ವರ್ಷಗಟ್ಟಲೆ ಮಾತುಕತೆ ನಡೆದು ಕೊನೆಗೊಂದು ಒಪ್ಪಂದವಾಯಿತು. ಎರಡೂ ಕಡೆಗೆ ಸೇರದ ತಪಾಸಣೆಯವರು ಆಗಾಗ ಬಂದು ನೋಡಿ ಹೋಗಬೇಕು, ಅವರಿಲ್ಲದಾಗ ಅವರ ಕ್ಯಾಮೆರಾ ನೋಡುತ್ತಿರಬೇಕು, ಇಂಧನ ತುಂಬಿದ ಸಿಲಿಂಡರುಗಳನ್ನು ಯಾರೂ ಜಾಗ ಬಿಟ್ಟು ಕದಲಿಸಬಾರದು.

ದರ್ಜಿಗೆ ಇದನ್ನು ಕಂಡರೆ ಮೈ ಉರಿ. ನಮ್ಮ ಜಗಲಿಯಲ್ಲಿ ಕೂತು, "ನಮ್ಮ ಮನೆಗೆ ಬಂದು ನಮ್ಮ ಡಬ್ಬಿಗಳ ಮುಚ್ಚಳ ತೆಗೆದು ನೋಡೋಕೆ ಅವರು ಯಾರ್ರೀ? ನಾವೇನು ಕಳ್ಳರಾ?" ಎಂದು ಯಜಮಾನರನ್ನು ಕೆಣಕುತ್ತಿದ್ದ.

"ನೋಡ್ಕೊಂಡು ಹೋಗಲಿ ಬಿಡೋ. ನೋಡ್ತಾ ಇರೋವಷ್ಟು ದಿನ ಆಚೆಯವರು ಹೊಡಿಯಲ್ಲ" ಎಂದು ಯಜಮಾನರು ಹೇಳಿ ಬೀಡಿಯ ಬೂದಿ ಕೊಡವುತ್ತಿದ್ದರು. ಆ ವಿಷಯದ ಮೇಲೆ ಅವರ ಬಾಯಿಂದ ನಾನು ಕೇಳಿದ್ದು ಅಷ್ಟೇ.

ಕಾರ್ಖಾನೆಯ ಗೋಡೆಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ತಮ್ಮನನ್ನು ಸೇರಿಸಿದವರು ಯಜಮಾನರೇ. ಗೇಟಿನಲ್ಲಿ "ಇವನು ನನ್ನ ತಮ್ಮ, ಇವನ ಜವಾಬ್ದಾರಿ ನನ್ನದು" ಎಂದು ಹೇಳಿ ಒಳಗೆ ಕರೆದುಕೊಂಡು ಹೋಗಿದ್ದರು. ಅವರಿವರ ಮುಂದೆ ಕೈಯೊಡ್ಡುವ ಮನುಷ್ಯ ಅವರಲ್ಲ. ತಮ್ಮನಿಗಾಗಿ ಅಷ್ಟು ಮಾಡಿದ್ದರು.

ಒಂದು ಸಲ ತಪಾಸಣೆಯವರು ಬರುವುದಕ್ಕೆ ಸ್ವಲ್ಪ ದಿನ ಮೊದಲು ಕಾರ್ಖಾನೆಯ ಮೇಲಧಿಕಾರಿಯ ಕಣ್ಣು ಗೋಡೆಗಳ ಮೇಲೆ ಬಿತ್ತು. ಸಿಲಿಂಡರುಗಳನ್ನಿಟ್ಟ ದೊಡ್ಡ ಹಾಲಿನ ಗೋಡೆಯಲ್ಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತಂತೆ. ನೆಂಟರು ಬರುವ ಮನೆಯಲ್ಲಿ ಹೀಗಿದ್ದರೆ ಹೇಗೆ ಎಂದು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ನನ್ನ ಮೈದುನನಿಗೆ ಹೇಳಿದ. ಹಾಲಿನ ಮೂಲೆಯಲ್ಲಿ ಚಾವಣಿಗೆ ಅಂಟಿಕೊಂಡಿದ್ದ ಕ್ಯಾಮೆರಾ ತೋರಿಸಿ, "ಅದು ಅವರ ಸೊತ್ತು. ಅದರ ಮೇಲೆ ಒಂದು ಹನಿ ಬಣ್ಣ ಸಿಡಿದರೆ ನಮ್ಮೆಲ್ಲರ ತಲೆ ಹೋಗುತ್ತೆ, ನೆನಪಿರಲಿ" ಎಂದು ಹೆದರಿಸಿ ಚಹಾ ಕುಡಿಯಲು ಹೋದ.

ಮುಸುಕಪ್ಪನಿಗೆ ಹಾಗೆ ಹೇಳಿದರೆ ಅವನು ಏನು ಮಾಡುತ್ತಾನೆ? ಏಣಿ ಹತ್ತಿ, ಕ್ಯಾಮೆರಾಕ್ಕೆ ಕೈ ತಾಗದ ಹಾಗೆ ಮೇಲಿನ ಕೊಳವೆಗೆ ದಾರ ಕಟ್ಟಿ, ತನ್ನ ಚೀಲದಲ್ಲಿದ್ದ ಬಟ್ಟೆಗಳಲ್ಲೇ ಒಳ್ಳೆಯದನ್ನು ಆರಿಸಿ ಅದಕ್ಕೆ ಹೊದಿಸಿದ. ಆಮೇಲೆ ಗೋಡೆಗೆ ಕೈ ಹಾಕಿದ. ಅದು ಕಿಟಕಿಯಿಲ್ಲದ ಹಾಲು. ಒಳಗೆ ಸದಾ ತಣ್ಣಗಿರುವಂತೆ ಯಂತ್ರ ಇಟ್ಟಿದ್ದರು. ಎಣ್ಣೆ ಬಣ್ಣ ಅಂಥ ಕಡೆ ಬೇಗ ಒಣಗುವುದಿಲ್ಲ. ಮೊದಲ ಕೋಟು ಒಣಗುವವರೆಗೆ ಕಾದ, ಎರಡನೆಯದು ಒಣಗುವವರೆಗೆ ಕಾದ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ಬಟ್ಟೆ ಬಿಚ್ಚಿದ. ಕ್ಯಾಮೆರಾದ ಮೇಲೆ ಒಂದು ಹನಿಯೂ ಇರಲಿಲ್ಲ. ಮೇಸ್ತ್ರಿ ಬಂದು ನೋಡಿ ಬೆನ್ನು ತಟ್ಟಿದ. ಮೈದುನ ಅವತ್ತು ಊಟಕ್ಕೆ ಬಂದವನು ನನ್ನ ಮುಂದೆ ಜಂಬ ಕೊಚ್ಚಿಕೊಂಡ. "ಪರದೇಶದವರ ಯಂತ್ರಕ್ಕೂ ಮುಸುಕು ಹಾಕಿ ಬಂದೆ ಅತ್ತಿಗೆ."

ತಪಾಸಣೆಯವರು ಬಂದರು, ಕ್ಯಾಮೆರಾ ಬಿಚ್ಚಿ ಅದು ಕಂಡದ್ದನ್ನೆಲ್ಲ ನೋಡಿದರು. ನಡುವೆ ಮೂರು ದಿನ ಬರೀ ಕತ್ತಲೆ.

ಆಮೇಲೆ ರೇಡಿಯೋದಲ್ಲಿ ಅದೇ ಸುದ್ದಿ. ಆ ಮೂರು ದಿನದ ಕತ್ತಲೆಯಲ್ಲಿ ಏನು ನಡೆಯಿತು, ಎಷ್ಟು ಇಂಧನ ಹೊರಗೆ ಹೋಯಿತು, ಯಾವ ಬೆಟ್ಟದೊಳಗೆ ಬಾಂಬು ತಯಾರಾಗುತ್ತಿದೆ ಎಂದು ಆ ದೇಶದ ದೊಡ್ಡವರು ಕೇಳಿದರು. ನಮ್ಮ ದೊಡ್ಡವರಿಗೂ ಏನು ಹೇಳಬೇಕೆಂದು ತಿಳಿಯಲಿಲ್ಲ. ಮೊದಲು ಕ್ಯಾಮೆರಾ ಕೆಟ್ಟಿತ್ತು ಎಂದರು. ಆಮೇಲೆ ಕರೆಂಟು ಹೋಗಿತ್ತು ಎಂದರು. ಮೂರನೆಯ ಸಲ ಬಣ್ಣ ಹೊಡೆಸಿದೆವು ಎಂಬ ನಿಜ ಹೇಳಿದಾಗ ಕೇಳುವವರು ನಕ್ಕುಬಿಟ್ಟರು. ಮೇಸ್ತ್ರಿಯನ್ನು ಕರೆದು ವಿಚಾರಿಸಿದರೆ, ನಾನು ಮುಚ್ಚು ಅಂತ ಹೇಳೇ ಇಲ್ಲ ಎಂದು ಕೈ ತೊಳೆದುಕೊಂಡ. ಅದು ಸುಳ್ಳೂ ಅಲ್ಲ.

ನಮ್ಮ ಯಜಮಾನರನ್ನು ಎರಡು ದಿನ ಕೂರಿಸಿಕೊಂಡು ಕೇಳಿದರು. ತಮ್ಮನ ಜವಾಬ್ದಾರಿ ನನ್ನದು ಎಂದು ಗೇಟಿನಲ್ಲಿ ಹೇಳಿದ್ದರಲ್ಲ. ಬಿಟ್ಟು ಕಳಿಸಿದ ದಿನ ಮನೆಗೆ ಬಂದಾಗ ಮೈದುನ ಜಗಲಿಯ ಮೇಲೆ ಕಾಯುತ್ತಾ ಕೂತಿದ್ದ.

"ಅಣ್ಣ, ನಾನು ಬಣ್ಣ ಬೀಳಬಾರದು ಅಂತ..."

"ಬಾಯಿ ಮುಚ್ಚು. ನೋಡೋಕೆ ಅಂತ ಇಟ್ಟಿರೋದಕ್ಕೆ ಬಟ್ಟೆ ಕಟ್ತಾರೇನೋ? ಅಷ್ಟೂ ಬುದ್ಧಿ ಬೇಡ್ವಾ? ಇನ್ನು ನನ್ನ ತಮ್ಮ ಅಂತ ಹೇಳ್ಕೊಂಡು ಎಲ್ಲೂ ಹೋಗಬೇಡ."

ಅಷ್ಟು ಹೇಳಿ ಒಳಗೆ ಹೋದರು. ಆಮೇಲೆ ಅವನ ಜೊತೆ ಮಾತು ಬಿಟ್ಟರು. ಅವರು ಮನೆಯಲ್ಲಿದ್ದಾಗ ಅವನು ಬರುವುದನ್ನು ನಿಲ್ಲಿಸಿದ. ಬಂದರೂ ನಿಂತೇ ಇರುತ್ತಿದ್ದ, ಬಡಿಸಿದರೂ ಕೂರುತ್ತಿರಲಿಲ್ಲ. ಅಣ್ಣ ತನ್ನನ್ನು ನಂಬಬೇಕು, ಒಂದು ಸಲ ಮೊದಲಿನ ಹಾಗೆ ಬೈದು ಊಟಕ್ಕೆ ಕೂರಿಸಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಲೋಕದವರೆಲ್ಲ ಅವನ ಬಟ್ಟೆಯ ಬಗ್ಗೆ ಮಾತಾಡುತ್ತಿದ್ದಾಗ ಅವನ ಚಿಂತೆ ಅಣ್ಣನೊಬ್ಬನದೇ ಆಗಿತ್ತು.

ಹೀಗಿರುವಾಗ ತಪಾಸಣೆಯವರು, ಬಣ್ಣದವನನ್ನು ನಾವೇ ಮಾತಾಡಿಸಬೇಕು ಎಂದರು. ಕರೆದದ್ದು ಒಬ್ಬ ತಲೆ ನರೆತ ಹೆಂಗಸು. ಹೆಚ್ಚುಕಡಿಮೆ ಆಗಿನ ನನ್ನ ವಯಸ್ಸಂತೆ. ಕಾರ್ಖಾನೆಯ ಅಧಿಕಾರಿ ಮೈದುನನಿಗೆ ಮೊದಲೇ ಪಾಠ ಮಾಡಿದ್ದ. "ಹೌದು ಅನ್ನು, ಇಲ್ಲ ಅನ್ನು. ಮೂರನೇ ಮಾತು ಬಾಯಿಂದ ಬರಬಾರದು."

ಆ ದಿನಗಳ ಕಥೆಯನ್ನು ಮೈದುನ ಆಮೇಲೆ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದ. ಯಜಮಾನರು ಒಳಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದರು. ಇವನ ದನಿ ಬರುತ್ತಿದ್ದ ಹಾಗೆ ರೇಡಿಯೋ ಬಾಯಿ ಮುಚ್ಚಿತು. ಅದನ್ನು ನಾನು ಗಮನಿಸಿದೆ. ಅವನು ಗಮನಿಸಲಿಲ್ಲ.

ಆ ಹೆಂಗಸು ಮೊದಲು ಕೇಳಿದ್ದೇ, ಯಾಕೆ ಮುಚ್ಚಿದಿರಿ ಎಂದು. ಅದಕ್ಕೆ ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಇವನು ಅಧಿಕಾರಿಯ ಮುಖ ನೋಡಿದ, ಅಧಿಕಾರಿ ಚಾವಣಿ ನೋಡಿದ.

"ಬಣ್ಣ ಬೀಳಬಾರದು ಅಂತ ಅಮ್ಮಾ" ಎಂದುಬಿಟ್ಟನಂತೆ.

"ಈ ಬಣ್ಣ ಒಂದು ದಿನಕ್ಕೆ ಒಣಗುತ್ತದೆ ಎಂದು ನಮ್ಮ ತಜ್ಞರು ಹೇಳುತ್ತಾರೆ. ಬಟ್ಟೆ ಮೂರು ದಿನ ಯಾಕಿತ್ತು?" ಎಂದು ಆಕೆಯ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುವವನು ಕೇಳಿದ.

"ಬಿಸಿಲಿರೋ ಕಡೆ ಒಂದು ದಿನ ಸಾಕು. ಇಲ್ಲಿ ಸಾಲದು."

ಆಕೆ, ಹಾಗಾದರೆ ಹೊಡೆದು ತೋರಿಸಿ, ನಾನು ಕೂತು ನೋಡುತ್ತೇನೆ ಎಂದಳಂತೆ.

ಅದೇ ಹಾಲಿನಲ್ಲಿ ಇನ್ನೊಂದು ಗೋಡೆಯ ಪಾಲು ಹಳೆಯ ಬಣ್ಣದಲ್ಲೇ ಉಳಿದಿತ್ತು. ಮೈದುನ ಅಲ್ಲಿ ಬಣ್ಣ ಹೊಡೆದ. ಆಕೆ ಕೋಟು ಹಾಕಿಕೊಂಡು, ಮಂಡಿಯ ಮೇಲೊಂದು ಹೊದಿಕೆ ಎಳೆದುಕೊಂಡು, ಕಬ್ಬಿಣದ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅಧಿಕಾರಿ ಚಡಪಡಿಸುತ್ತಿದ್ದ. ಇನ್ನೊಬ್ಬ ತಪಾಸಣೆಯವನು ಆಕಳಿಸುತ್ತಿದ್ದ. ಆಕೆ ಮಾತ್ರ ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವವಳಂತೆ ಕೂತಿದ್ದಳು. ಸುಮ್ಮನೆ ಕೂತಿದ್ದರೆ ಬೇಸರವಲ್ಲವೇ ಎಂದು ಮೈದುನನ ಮನೆಮಂದಿಯ ವಿಷಯ ಕೇಳಿದಳು. ಅಧಿಕಾರಿ ತಡೆಯುವುದರೊಳಗೆ ಇವನು ದರ್ಜಿಯ ಮಾವನ ಕಥೆ ಹೇಳಿಬಿಟ್ಟ. ಅದನ್ನು ತಿರುಗಿಸಿ ಹೇಳುವವನಿಗೇ ನಗು ತಡೆಯಲಾಗದೆ ಎರಡು ಸಲ ನಿಲ್ಲಿಸಿ ಹೇಳಬೇಕಾಯಿತಂತೆ. ಆಕೆ ಕಣ್ಣೊರೆಸಿಕೊಂಡು ನಕ್ಕಳು. "ಅಧಿಕಾರೀನೂ ನಕ್ಕ ಅತ್ತಿಗೆ, ಹಲ್ಲು ಕಾಣದ ಹಾಗೆ."

ಮಾರನೆಯ ದಿನ ಬಂದು ಆಕೆ ಗೋಡೆಗೆ ತೋರುಬೆರಳು ಒತ್ತಿದಳು. ಬೆರಳಿಗೆ ಬೂದು ಬಣ್ಣ ಮೆತ್ತಿತು. ಅದನ್ನು ಆಕಳಿಸುತ್ತಿದ್ದವನ ಮುಖದ ಮುಂದೆ ಹಿಡಿದಳು. ಎರಡನೆಯ ಕೋಟೂ ಹೊಡೆಸಿ, ಅದೂ ಒಣಗುವವರೆಗೆ ದಿನಾ ಬಂದು ಕೂತಳು. ಕೊನೆಗೆ ಇವನ ಕೈ ಹಿಡಿದು ಕುಲುಕಿ, "ನಿಮ್ಮ ಮಾತು ನಾನು ನಂಬಿದೆ. ಆದರೆ ನಾನೊಬ್ಬಳು ನಂಬಿದರೆ ಸಾಲದು. ಸಿಲಿಂಡರುಗಳನ್ನೆಲ್ಲ ತೂಗಬೇಕು. ತೂಕ ಸರಿಯಿದ್ದರೆ ಆ ಕತ್ತಲೆಯಲ್ಲಿ ಏನೂ ಹೊರಗೆ ಹೋಗಿಲ್ಲ ಎಂದು ಎಲ್ಲರೂ ಒಪ್ಪಲೇಬೇಕು" ಎಂದಳು.

"ತೂಗ್ತಾರೆ ಅತ್ತಿಗೆ. ತೂಗಿದ ಮೇಲೆ ಎಲ್ಲ ಸರಿಹೋಗುತ್ತೆ. ಅಣ್ಣನಿಗೆ ಹೇಳಿ."

"ನೀನೇ ಹೇಳು, ಒಳಗೇ ಇದಾರೆ."

ಅವನು ಒಳಕೋಣೆಯ ಬಾಗಿಲು ನೋಡಿದ. ಬಾಗಿಲು ತೆರೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನು ಹೋದ ಮೇಲೆ ಯಜಮಾನರು ಹೊರಗೆ ಬಂದು ನೀರು ಕುಡಿದರು. "ಬೆರಳಿಗೆ ಬಣ್ಣ ಮೆತ್ತಿತಂತಾ?" ಎಂದು ಕೇಳಿದರು. ಹೌದಂತೆ ಎಂದೆ. ಹ್ಞೂಂ ಎಂದು ಲೋಟ ಕೆಳಗಿಟ್ಟರು.

ತೂಗುವುದು ಸುಲಭದ ಕೆಲಸವಾಗಲಿಲ್ಲ. ನಮ್ಮ ದೊಡ್ಡವರು ಮೊದಲು ಒಪ್ಪಲಿಲ್ಲ, ನಮ್ಮ ಮಾನ ತಕ್ಕಡಿಗೆ ಹಾಕುವುದಿಲ್ಲ ಎಂದರು. ದರ್ಜಿ ರೇಡಿಯೋ ಮುಂದೆ ಕೂತು ಚಪ್ಪಾಳೆ ತಟ್ಟಿದ. ಆಚೆಯವರು ಅಗೋ, ಕಳ್ಳರ ಬುದ್ಧಿ ಎಂದರು. ಆ ಹೆಂಗಸು ಎರಡೂ ಕಡೆಗೆ ಓಡಾಡಿದಳು. ಮಾತು ಮುರಿದು ಬೀಳುವುದು, ಮತ್ತೆ ಕೂಡುವುದು ಹೀಗೇ ನಡೆಯಿತು. ಕೊನೆಗೆ ನಮ್ಮವರು ಒಪ್ಪಿದರು. ದೊಡ್ಡ ತಕ್ಕಡಿಗಳು ಹಡಗಿನಲ್ಲಿ ಹೊರಟಿವೆ ಎಂದು ರೇಡಿಯೋ ಹೇಳಿತು. ಅದೇ ರೇಡಿಯೋ, ಇಷ್ಟು ದಿನ ಎಳೆದಾಡಿದ್ದು ಸಾಕು, ಇನ್ನು ತಾಳ್ಮೆಯಿಲ್ಲ ಎಂದು ಆಚೆ ದೇಶದವರು ಹೇಳಿದರೆಂದೂ ಹೇಳಿತು. ಅವರಿಗೂ ಅವರ ಹೆದರಿಕೆ ಇದ್ದಿರಬೇಕು. ತಮ್ಮ ಮಕ್ಕಳ ತಲೆಯ ಮೇಲೆ ಬಾಂಬು ಬೀಳುತ್ತದೆಂದು ಯಾರಾದರೂ ನಂಬಿಸಿದರೆ ಯಾವ ತಾಯಿಗೆ ತಕ್ಕಡಿ ಬರುವವರೆಗೆ ಕಾಯಬೇಕೆನಿಸುತ್ತದೆ?

ಆ ದಿನ ಬೆಳಿಗ್ಗೆ ಯಜಮಾನರು ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ಊಟದ ಡಬ್ಬಿ ಹಿಡಿದುಕೊಂಡಿದ್ದೆ.

"ಆ ಮುಠ್ಠಾಳ ನೆಟ್ಟಗೆ ಊಟ ಮಾಡ್ತಿದಾನೋ ಇಲ್ವೋ. ಕೊರಳ ಮೂಳೆ ಕಾಣ್ತಿದೆ. ರಜೆ ದಿನ ಊಟಕ್ಕೆ ಬಾ ಅಂತ ಹೇಳು" ಎಂದರು.

"ನೀವು ಹೇಳಿದ್ರಿ ಅಂತ ಹೇಳಲಾ?"

"ಬೇಡ. ನೀನೇ ಕರೆದ ಹಾಗೆ ಕರಿ. ಬಂದ ಮೇಲೆ ನಾನು ನೋಡ್ಕೋತೀನಿ."

ಡಬ್ಬಿ ಇಸಿದುಕೊಂಡು ಹೋದರು. ಬಿಸಿಲು ಅಂಗಳಕ್ಕೆ ಬಂದ ಮೇಲೆ ಅವನ ಕೋಣೆಗೆ ಹೋಗಿ ಹೇಳಿ ಬರೋಣ ಎಂದುಕೊಂಡೆ. ಪಾತ್ರೆ ತೊಳೆಯಲು ಕೂತೆ. ಮೊದಲು ಬಕೆಟ್ಟಿನ ನೀರು ನಡುಗಿತು. ಏನಿದು ಎಂದು ನೋಡುವಷ್ಟರಲ್ಲಿ ಸದ್ದು ಬಂತು. ಅದು ಕಿವಿಗೆ ಕೇಳುವಂಥ ಸದ್ದಲ್ಲ, ಎದೆಯೊಳಗೆ ಬಿದ್ದಂಥದು. ಕಪಾಟಿನ ಗಾಜು ತಾನಾಗಿ ಒಡೆಯಿತು. ಬೀದಿಗೆ ಬಂದರೆ ಎಲ್ಲರೂ ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದರು. ಬೆಟ್ಟದ ಹಿಂದಿನಿಂದ ಹೊಗೆ ಏಳುತ್ತಿತ್ತು. ವಿಮಾನವನ್ನು ಯಾರೂ ಕಾಣಲಿಲ್ಲ.

ಪಂಪಿನ ಮನೆ ಸಿಲಿಂಡರುಗಳಿದ್ದ ಆ ಹಾಲಿಗೆ ಒತ್ತಿಕೊಂಡೇ ಇತ್ತು.

ಯಜಮಾನರನ್ನು ಮನೆಗೆ ತಂದವರು, ಮುಖ ನೋಡಬೇಡಿ ಎಂದು ಹೇಳಿದರು. ನಾನು ಕೈ ನೋಡಿ ಗುರುತು ಹಿಡಿದೆ. ತಲೆಯಿಂದ ಕಾಲಿನವರೆಗೆ ಎಳೆದಿದ್ದ ಬಿಳಿ ಬಟ್ಟೆಯನ್ನು ನೋಡಲಾರದೆ ಮೈದುನ ಹಿತ್ತಲಿಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತ. ಮಣ್ಣು ಮಾಡಿ ಬಂದ ಸಂಜೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಬೆಳಿಗ್ಗೆ ಅಣ್ಣ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ.

ಅವನು ನನ್ನ ಮುಖವನ್ನೇ ನೋಡಿದ. "ನಿಮ್ಮ ಮನಸ್ಸು ದೊಡ್ಡದು ಅತ್ತಿಗೆ" ಎಂದ.

"ಮನಸ್ಸಿನ ಮಾತಲ್ಲ ಕಣೋ. ನಿಜವಾಗಿ ಹೇಳಿದ್ರು."

"ಆಯ್ತು ಅತ್ತಿಗೆ" ಎಂದ. ಅಳುವ ಮಕ್ಕಳನ್ನು ಸುಮ್ಮನಿರಿಸುವಾಗ ನಾವು ಹೇಳುತ್ತೇವಲ್ಲ, ಆ ದನಿಯಲ್ಲಿ.

ಆ ಹೆಂಗಸಿನ ವರದಿ ಆಮೇಲೆ ಬಂತು. ಕ್ಯಾಮೆರಾ ಮುಚ್ಚಿದ್ದು ಬಣ್ಣದ ಕೆಲಸಕ್ಕೆ ಎಂದು ನಂಬಲು ಕಾರಣಗಳಿವೆ, ಆದರೆ ಸಿಲಿಂಡರುಗಳೇ ನಾಶವಾದ್ದರಿಂದ ತೂಗಿ ಖಚಿತ ಮಾಡಿಕೊಳ್ಳಲು ಇನ್ನು ಸಾಧ್ಯವಿಲ್ಲ ಎಂದು ರೇಡಿಯೋದವನು ಓದಿ, ಉಸಿರು ತೆಗೆದುಕೊಳ್ಳದೆ ಮುಂದಿನ ಸುದ್ದಿಗೆ ಹೋದ. ಒಳಗೆ ನಿಜಕ್ಕೂ ಏನಿತ್ತೆಂದು ನನಗೆ ಗೊತ್ತಿಲ್ಲ. ಯಜಮಾನರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯೊಂದಿತ್ತು, ಅದು ಹಡಗಿನಲ್ಲಿ ಬರುತ್ತಿತ್ತು. ಅದನ್ನು ಅರ್ಧ ದಾರಿಯಿಂದ ಹಿಂದಕ್ಕೆ ತಿರುಗಿಸಿದರಂತೆ.

ದರ್ಜಿ ಸಮಾಧಾನ ಹೇಳಲು ಹೋಗಿ ಎಡವಟ್ಟು ಮಾಡಿದ. "ನೀನು ಬಟ್ಟೆ ಕಟ್ಟಿದ್ರೂ ಹೊಡೀತಿದ್ರು, ಕಟ್ಟದಿದ್ರೂ ಹೊಡೀತಿದ್ರು. ಅವರಿಗೆ ಒಂದು ನೆಪ ಬೇಕಿತ್ತು ಅಷ್ಟೇ ಕಣಯ್ಯಾ" ಎಂದ.

"ಆ ನೆಪ ಕೊಟ್ಟೋನು ನಾನೇ ಅಲ್ವಾ?" ಎಂದು ಮೈದುನ ಕೇಳಿದ.

ಮಾತುಕತೆಯ ಹೆಸರೆತ್ತಿದರೆ ಕೆರಳುತ್ತಿದ್ದ ದರ್ಜಿ ಆಮೇಲೆ ಆ ವಿಷಯ ತೆಗೆಯುವುದನ್ನೇ ಬಿಟ್ಟ. ಊರಿನಲ್ಲಿ ಬೇರೆ ಮಾತಾಡುವವರೂ ಇದ್ದರು. ಪೀಡೆ ತೊಲಗಿತು, ಇನ್ನು ನಮ್ಮ ನೆತ್ತಿಯ ಮೇಲೆ ಯಾರೂ ಬಾಂಬು ಬೇಯಿಸುವುದಿಲ್ಲ ಎಂದು ಒಬ್ಬಾಕೆ ನನ್ನ ಎದುರಿಗೇ ಹೇಳಿದಳು. ಅವಳ ಮಗ ಎರಡನೆಯ ಪಾಳಿಯಲ್ಲಿದ್ದದ್ದರಿಂದ ಉಳಿದುಕೊಂಡಿದ್ದ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಪೀಡೆ ತೊಲಗಲಿಲ್ಲ. ತಪಾಸಣೆಯವರನ್ನು ದೇಶದಿಂದ ಹೊರಗೆ ಹಾಕಿದರು. ಒಪ್ಪಂದ ಹರಿಯಿತು. ವರ್ಷ ತುಂಬುವುದರೊಳಗೆ ಬೆಟ್ಟದ ಹೊಟ್ಟೆಗೆ ಲಾರಿಗಳು ಹೋಗಿ ಬರತೊಡಗಿದವು. ಒಂದು ದಿನ ಆ ಹಳೆಯ ಮೇಸ್ತ್ರಿ ನಮ್ಮ ಜಗಲಿಗೆ ಬಂದ. ಮೈದುನ ನಮ್ಮ ಬಾಗಿಲಿಗೆ ಮರಳು ಕಾಗದ ತಿಕ್ಕುತ್ತಿದ್ದ. ನನ್ನ ಮನೆಯ ಯಾವ ಕೆಲಸವನ್ನೂ ಅವನು ಬೇರೆಯವರಿಗೆ ಬಿಡುತ್ತಿರಲಿಲ್ಲ, ಒಳಗೆ ಬಂದು ಕೂರುತ್ತಲೂ ಇರಲಿಲ್ಲ.

"ಬೆಟ್ಟದೊಳಗೆ ಹೊಸ ಹಾಲು ಕೊರೆದಿದಾರೆ. ವರ್ಷಗಟ್ಟಲೆ ಬಣ್ಣದ ಕೆಲಸ ಇದೆ. ಈ ಸಲ ಕ್ಯಾಮೆರಾ ಗೀಮೆರಾ ಏನೂ ಇಲ್ಲ, ನಿಶ್ಚಿಂತೆಯಾಗಿ ಮಾಡು" ಎಂದ ಮೇಸ್ತ್ರಿ.

"ಅಲ್ಲಿ ಏನು ಮಾಡ್ತಾರೆ?"

ಮೇಸ್ತ್ರಿ ಆಚೀಚೆ ನೋಡಿ ದನಿ ತಗ್ಗಿಸಿದ. "ಮೊದಲು ಮಾಡೋಣ್ವೋ ಬೇಡ್ವೋ ಅಂತ ಯೋಚಿಸ್ತಿದ್ರಂತೆ. ಹೊಡೆಸ್ಕೊಂಡ ಮೇಲೆ ಇನ್ನೇನು ಯೋಚನೆ?"

ಮೈದುನ ಬಾಗಿಲು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನೋಡೋರು ಇಲ್ಲದ ಕಡೆ ನಾನು ಬರಲ್ಲ" ಎಂದ. ಮೇಸ್ತ್ರಿ ಇನ್ನೂ ಏನೇನೋ ಹೇಳಿದ. ಇವನು ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಆಮೇಲೆ ಕಾರ್ಖಾನೆಯ ಕಡೆಯವರ ಮನೆಗಳಲ್ಲೂ ಅವನನ್ನು ಕೆಲಸಕ್ಕೆ ಕರೆಯುವುದು ನಿಂತಿತು. ಅಂಗಡಿಗಳ ಬಾಗಿಲು, ಶಾಲೆಯ ಬೆಂಚು, ಗಾಡಿಗಳ ಹಲಗೆ, ಸಿಕ್ಕಿದ್ದಕ್ಕೆ ಬಣ್ಣ ಹೊಡೆದುಕೊಂಡಿದ್ದ.

ಬಣ್ಣದ ವಾಸನೆ ಅವನ ಎದೆಯನ್ನು ತಿಂದುಹಾಕಿತ್ತು. ಈಚೆಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಸಾಲು ಮಂಚಗಳ ಉದ್ದನೆಯ ಕೋಣೆ. ಅವನದು ಕಿಟಕಿಯ ಪಕ್ಕದ್ದು. ಮಧ್ಯಾಹ್ನ ನೋಡುವವರನ್ನು ಬಿಡುವ ಹೊತ್ತಿಗೆ ನಾನು ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಹೋದ ಎರಡನೆಯ ದಿನವೋ ಮೂರನೆಯ ದಿನವೋ, ಚಮಚ ಬಾಯಿಯ ಹತ್ತಿರ ಹಿಡಿದಾಗ ನನ್ನ ಕೈ ತಡೆದ.

"ಅತ್ತಿಗೆ, ಅಣ್ಣ ಅವತ್ತು ನನ್ನ ಮೇಲೆ ಸಿಟ್ಟಲ್ಲೇ ಹೋದ ಅಲ್ವಾ? ನಿಜ ಹೇಳಿ. ಈಗ ಹೇಳಿದ್ರೆ ಏನಾಗುತ್ತೆ?"

ಇಷ್ಟು ವರ್ಷ ಅವನು ಇದನ್ನು ಹೊತ್ತುಕೊಂಡೇ ಓಡಾಡಿದ್ದ. ನಾನು ಚಮಚ ಕೆಳಗಿಟ್ಟು ಮತ್ತೆ ಹೇಳಿದೆ. ಮುಠ್ಠಾಳ ಅಂದದ್ದು, ಕೊರಳ ಮೂಳೆ ಅಂದದ್ದು, ರಜೆ ದಿನದ ಊಟ, ನಾನು ಹೇಳಿದೆ ಅನ್ನಬೇಡ ಅಂದದ್ದು.

"ಎಲ್ಲಿ ಕೂತಿದ್ದ?"

"ಹೊಸ್ತಿಲ ಮೇಲೆ. ಬೂಟು ಹಾಕ್ಕೋತಿದ್ರು."

"ನೀವು?"

"ಬಾಗಿಲ ಹತ್ತಿರ. ಕೈಯಲ್ಲಿ ಡಬ್ಬಿ ಇತ್ತು."

"ದರ್ಜಿ ಹೊರಗೆ ಇದ್ದನಾ? ಅವನಿಗೆ ಕೇಳಿಸಿರಬಹುದಾ?"

"ಇರಲಿಲ್ಲ."

"ಬೇರೆ ಯಾರೂ ಇರಲಿಲ್ವಾ?"

"ಯಾರೂ ಇರಲಿಲ್ಲ ಕಣಪ್ಪ. ಅವರು, ನಾನು, ಅಷ್ಟೇ."

ಅವನು ಕಣ್ಣು ಮುಚ್ಚಿದ. ಯಾರಾದರೊಬ್ಬರು ಕೇಳಿಸಿಕೊಂಡಿದ್ದರೆ ಎಂದು ಅವನೂ ಅಂದುಕೊಂಡಿರಬೇಕು, ನಾನೂ ಅಂದುಕೊಂಡೆ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆಗಳು. ಯಾವ ಬೂಟು, ಮೊದಲು ಯಾವ ಮಾತು, ಹೇಳುವಾಗ ನಿಮ್ಮ ಮುಖ ನೋಡಿದನೋ ನೆಲ ನೋಡಿದನೋ. ನೆನಪಿದ್ದದ್ದನ್ನು ಹೇಳಿದೆ, ನೆನಪಿಲ್ಲದ್ದನ್ನು ನೆನಪಿಲ್ಲ ಎಂದೆ. ಒಂದು ಸಲ ಅವನಿಗೇ ನಾಚಿಕೆಯಾಗಿ, "ನಿಮಗೆ ತುಂಬ ಕಾಟ ಕೊಡ್ತಿದೀನಿ" ಎಂದ.

"ನನಗೇನು ಅವಸರ ಇದೆ? ನಿನಗೆ ಎಷ್ಟು ಸಲ ಬೇಕೋ ಅಷ್ಟು ಸಲ ಕೇಳು" ಎಂದೆ.

ಪಕ್ಕದ ಮಂಚದವನು, ಇವರದೇನಿದು ದಿನಾ ಕೋರ್ಟು ಕಚೇರಿ ಎಂದು ದಾದಿಯನ್ನು ಕೇಳಿದನಂತೆ. ಆ ಹುಡುಗಿ ನನಗೆ ಹೇಳಿ ನಕ್ಕಳು. ನಾನೂ ನಕ್ಕೆ.

ಅದು ಕೊನೆಯ ಮಧ್ಯಾಹ್ನ ಎಂದು ಆಗ ನನಗೆ ಗೊತ್ತಿರಲಿಲ್ಲ. ಮೂಗಿಗೆ ಕೊಳವೆ ಹಾಕಿದ್ದರು. ಗಂಜಿ ಇಳಿಯಲಿಲ್ಲ. ನಾನು ಕಾದೆ, ಆದರೆ ಅವತ್ತು ಅವನು ಏನೂ ಕೇಳಲಿಲ್ಲ. ನಂಬಿದ್ದರಿಂದ ಕೇಳಲಿಲ್ಲವೋ, ಕೇಳುವ ತ್ರಾಣವಿಲ್ಲದೆ ಕೇಳಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಒತ್ತಿಕೊಂಡು, ಅವನ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡು, ಬೆಳಿಗ್ಗೆ ಅಣ್ಣ ಹೊಸ್ತಿಲ ಮೇಲೆ ಕೂತಲ್ಲಿಂದ ನಾನೇ ಶುರುಮಾಡಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತಾ ಪೂರ್ತಿ ಕೇಳಿದ. ಅಷ್ಟರಲ್ಲಿ ದಾದಿ ಬಂದು, ಹೊತ್ತಾಯಿತು, ಇನ್ನು ಹೊರಡಿ ಎಂದಳು.